ಮಾಮಾನ ಒಲಿಂಪಿಕ್ ಕರಾರು

ನಮ್ಮ ಸೋದರಮಾವನ ವಯಸ್ಸು ಹದಿನೈದೂವರೆ. ತಲೆಯ ಮೇಲೆ ಕೂದಲಿಲ್ಲ, ಕೆಳಗಿನ ಎರಡು ಹಲ್ಲು ಕಟ್ಟಿಸಿಕೊಂಡದ್ದು, ಮೊಮ್ಮಗ ಅಂಗನವಾಡಿಗೆ ಹೋಗುತ್ತಾನೆ. ಆದರೂ ಹದಿನೈದೂವರೆ! ಸುಳ್ಳು ಹೇಳುತ್ತಾನೆ ಎಂದುಕೊಳ್ಳಬೇಡಿ. ಅವನ ಅಳತೆಗೋಲು ಬೇರೆ, ಅಷ್ಟೇ. ನಾವು ವರ್ಷಗಳನ್ನು ಎಣಿಸಿದರೆ ಮಾಮಾ ಒಲಿಂಪಿಕ್ಸುಗಳನ್ನು ಎಣಿಸುತ್ತಾನೆ. ಹುಟ್ಟಿದ್ದು ಮೊದಲ ಟೋಕಿಯೊ ನಡೆದ ವರ್ಷ. ಮದುವೆಯಾದದ್ದು ಸೋಲ್ ಮುಗಿದ ಮರುವರ್ಷ. ಶಹಾಪುರದ ಮನೆಗೆ ಸ್ಲ್ಯಾಬ್ ಹಾಕಿಸಿದ್ದು ಅಟ್ಲಾಂಟಾದಲ್ಲಿ. ಅಟ್ಲಾಂಟಾದಲ್ಲೇ ಮನೆಯಿದೆ ಎಂದು ತಿಳಿದು ಅವನಿಗೆ ಎದ್ದುನಿಂತು ನಮಸ್ಕಾರ ಮಾಡಿದವರೂ ಇದ್ದಾರೆ!

“ಗ್ರೀಸ್ ದೇಶದವರು ಹಿಂಗ ಎಣಿಸ್ತಿದ್ರು. ನಾಕು ವರ್ಷಕ್ಕೊಂದು ಹಬ್ಬ, ಹಬ್ಬಕ್ಕೊಂದು ನಂಬರು. ನಿಮ್ಮ ಕ್ಯಾಲೆಂಡರ್ ಒಂದು ವರ್ಷ ಗ್ವಾಡಿ ಮ್ಯಾಲ ಇರ್ತದ, ಆಮ್ಯಾಲ ಪುಸ್ತಕಕ್ಕ ರಟ್ಟು ಆಗ್ತದ,” ಎನ್ನುತ್ತಾನೆ.

ಈ ಲೆಕ್ಕದಿಂದ ಆದ ಅನಾಹುತಗಳಲ್ಲಿ ಒಂದು ನನ್ನದೂ ಇದೆ. ಹೋದ ವರ್ಷ ನನ್ನನ್ನು ನೋಡಲು ಕಲಬುರಗಿ ಕಡೆಯಿಂದ ಒಂದು ಮನೆತನದವರು ಯಾದಗಿರಿಗೆ ಬಂದಿದ್ದರು. ಚೂಡಾ, ಚಹಾ ಆಯಿತು. ಹುಡುಗನ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, “ಹುಡುಗಿ ವಯಸ್ಸೆಷ್ಟ್ರಿ?” ಎಂದರು. ಅಪ್ಪ ಬಾಯಿ ತೆರೆಯುವ ಮೊದಲೇ ಮಾಮಾ, “ಆರು ತುಂಬ್ಯಾವ್ರಿ,” ಎಂದುಬಿಟ್ಟ. ದೊಡ್ಡಪ್ಪ ಚೂಡಾದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟರು. “ನಮ್ಮ ಹುಡುಗಂದು ಸರ್ಕಾರಿ ನೌಕರಿ ಅದ್ರೀಯಪ್ಪ. ಅದನ್ನ ಕಳಕೊಂಡು ಜೇಲಿಗಿ ಹೋಗಾಕ ನಾವು ತಯಾರಿಲ್ಲ,” ಎಂದು ಎದ್ದೇ ಹೋದರು. ಆ ಹುಡುಗ ನನಗೆ ಇಷ್ಟವಾಗಿರಲಿಲ್ಲ ಎಂಬ ಸಂಗತಿಯನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ಎಲ್ಲರ ಜೊತೆ ನಾನೂ ಎರಡು ದಿನ ಮಾಮಾನ ಮೇಲೆ ಸಿಟ್ಟು ತೋರಿಸಿದೆ.

ಇಷ್ಟೆಲ್ಲ ಮಾಡುವವನು ದೊಡ್ಡ ಆಟಗಾರನೇ ಇರಬೇಕು ಎನ್ನುತ್ತೀರಾ? ಎಲ್ಲಿಯ ಮಾತು! ಮಾಮಾ ಶಹಾಪುರದ ತಹಶೀಲ್ ಕಚೇರಿಯ ಎದುರು ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಕೂತ ಪತ್ರ ಬರಹಗಾರ. ಖರೀದಿ ಪತ್ರ, ಹಿಸ್ಸೆ ಪತ್ರ, ಬಾಡಿಗೆ ಕರಾರು ಬರೆಯುತ್ತ ಬರೆಯುತ್ತ ಅವನ ಹೊಟ್ಟೆ ಆ ಮೇಜಿನ ಅಂಚಿನ ಆಕಾರವನ್ನೇ ಪಡೆದಿದೆ. ಅವನು ಓಡಿದ್ದನ್ನು ಕಂಡವರಿರಲಿಲ್ಲ. ಒಮ್ಮೆ ಯಾದಗಿರಿ ಸ್ಟೇಷನ್ನಿನಲ್ಲಿ ನಮ್ಮ ಕಣ್ಣೆದುರಿಗೇ ರೈಲು ಹೊರಟಿತು. “ಓಡು ಮಾಮಾ!” ಎಂದು ಕೂಗಿದೆ. ಅವನು ಕೈಚೀಲ ಕೆಳಗಿಟ್ಟು ಹೇಳಿದ: “ಅದು ಮದ್ರಾಸಿಗಿ ಹೋಗಬೇಕು, ಅದಕ್ಕ ಅವಸರ ಅದ. ನಾ ರಾಯಚೂರಿಗಿ ಹೋಗಾಂವ, ನನಗೇನು ಅವಸರ?”

ಹುಚ್ಚು ಹತ್ತಿದ್ದು ಒಂದು ರದ್ದಿ ಅಂಗಡಿಯಲ್ಲಿ. ಹಳೆಯ ಪೇಪರು ತೂಕಕ್ಕೆ ಹಾಕಲು ಹೋದವನು ತಕ್ಕಡಿಯ ಪಕ್ಕದಲ್ಲಿ ಬಿದ್ದಿದ್ದ, ರಟ್ಟು ಹರಿದ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಎತ್ತಿಕೊಂಡು ಬಂದ. ಒಳಗೆ ಸಿಂಹಾಸನದ ಮೇಲೆ ಗಡ್ಡದ ದೇವರೊಬ್ಬ ಕೂತ ಚಿತ್ರವಿತ್ತು, ಪುರಾಣವೆಂದುಕೊಂಡನಂತೆ. ನೋಡಿದರೆ ಪ್ರಾಚೀನ ಗ್ರೀಸಿನ ಹಬ್ಬಗಳ ಪುಸ್ತಕ. ಮಗ್ಗುಲಲ್ಲಿ ನಿಘಂಟು ಇಟ್ಟುಕೊಂಡು ಓದಲು ಕೂತ. ಓದಿ ಮುಗಿಸಲು ಬರೋಬ್ಬರಿ ಒಂದು ಒಲಿಂಪಿಕ್ಸ್ ಹಿಡಿಯಿತು!

ಓದಿದ್ದನ್ನು ಓದಿ ಬಿಟ್ಟಿದ್ದರೆ ಈ ಪ್ರಬಂಧ ಬರೆಯುವ ಕೆಲಸವೇ ಇರಲಿಲ್ಲ. ಮಾಮಾ ಅದನ್ನು ಜಾರಿಗೆ ತಂದ. ಆ ಕಥೆಗೆ ಮೊದಲು ನನ್ನ ಮೂಗಿನ ಕಥೆ ಹೇಳಬೇಕಾಗುತ್ತದೆ. ಆದಷ್ಟು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಮಾಮಾನಿಗೆ ಒಬ್ಬ ಅಕ್ಕ, ಒಬ್ಬ ತಂಗಿ. ಅಕ್ಕ ನನ್ನ ದೊಡ್ಡವ್ವ, ಸುರಪುರದ ಒಕ್ಕಲುತನದ ಮನೆಗೆ ಕೊಟ್ಟವಳು. ತಂಗಿ ನನ್ನ ಅವ್ವ, ಯಾದಗಿರಿಯಲ್ಲಿ ಸಣ್ಣ ನೌಕರಿಯ ಅಪ್ಪನಿಗೆ ಕೊಟ್ಟವಳು. ಇಬ್ಬರ ನಡುವೆ ಹನ್ನೊಂದು ವರ್ಷದ ಅಂತರ. ಅವ್ವನನ್ನು ಬಗಲಲ್ಲಿ ಎತ್ತಿಕೊಂಡು ಬೆಳೆಸಿದವಳೇ ದೊಡ್ಡವ್ವ. ನನ್ನನ್ನು ತೊಟ್ಟಿಲಿಗೆ ಹಾಕುವ ದಿನ, ನೆರೆದ ಹೆಂಗಸರ ನಡುವೆ ದೊಡ್ಡವ್ವ ನನ್ನ ಮುಖ ನೋಡಿ, “ಎಲ್ಲಾ ಛೊಲೊ ಅದ, ಮೂಗ ಮಾತ್ರ ಬಜಿ ಅಂಟಿಸಿದಂಗ ಅದ ನೋಡು,” ಎಂದಳು. ಅವ್ವನ ಕಣ್ಣಲ್ಲಿ ನೀರು ಬಂತು. ನೀರಿನ ಹಿಂದೆ ಮಾತೂ ಬಂತು: “ನಿನ್ನ ಗಂಡನ ಕಿವಿಗಿಂತ ಪಾಡ ಅದ.” ದೊಡ್ಡವ್ವ ಎದ್ದಳು, ಹೋಳಿಗೆ ಊಟ ಮುಟ್ಟದೆ ಬಸ್ಸಿಗೆ ಹೋದಳು. ಉಣ್ಣದೆ ಹೋದಳು! ನಮ್ಮ ಕಡೆ ಅದಕ್ಕಿಂತ ದೊಡ್ಡ ಕದನ ಘೋಷಣೆ ಬೇರೆ ಇಲ್ಲ. ಅಂದಿನಿಂದ ಅಕ್ಕತಂಗಿಯರ ಮಾತು ನಿಂತಿತು.

ಮೂರು ವರ್ಷ ಮಾಮಾ ಎರಡೂ ಊರಿಗೆ ತಿರುಗಿ ಹೈರಾಣಾದ. ಒಬ್ಬಳು ತಪ್ಪಾಯ್ತು ಎನ್ನಳು, ಇನ್ನೊಬ್ಬಳು ಆಗಲಿ ಬಿಡು ಎನ್ನಳು. ಆಗಲೇ ರದ್ದಿ ಪುಸ್ತಕದಲ್ಲಿ ಅವನಿಗೆ ಆ ಪುಟ ಸಿಕ್ಕಿದ್ದು. ಒಲಿಂಪಿಯಾದ ಹಬ್ಬ ಹತ್ತಿರ ಬಂದಾಗ ದೂತರು ತಲೆಗೆ ಎಲೆಯ ಕಿರೀಟ ತೊಟ್ಟು ಊರೂರಿಗೆ ಹೋಗಿ ಕದನವಿರಾಮ ಸಾರುತ್ತಿದ್ದರಂತೆ. ಅದೇ ವರ್ಷ ಅಥೆನ್ಸಿನಲ್ಲಿ ಒಲಿಂಪಿಕ್ಸ್! ಮಾಮಾ ಬೇವಿನ ಟೊಂಗೆ ಮುರಿದು ಕಿರೀಟ ಮಾಡಿ, ತಲೆಗೆ ಇಟ್ಟುಕೊಂಡು ಸುರಪುರದ ಬಸ್ಸು ಹತ್ತಿದ.

“ಯಾವ ದೇವರ ಹರಕಿ ಕಾಕಾ?” ಕಂಡಕ್ಟರ್ ಕೇಳಿದನಂತೆ.

“ಝೂಸ್ ದೇವರದು.”

“ಯಾವೂರಾಗ ಬರ್ತದ್ರಿ ಗುಡಿ?”

“ಗ್ರೀಸ್‌ನ್ಯಾಗ.”

“ಈ ಬಸ್ ಅಲ್ಲೀತನ ಹೋಗಂಗಿಲ್ರಿ. ಸುರಪುರ ಲಾಸ್ಟ್.”

ಸುರಪುರ ಆಯಿತು, ಯಾದಗಿರಿ ಆಯಿತು. ಇಬ್ಬರಿಗೂ ನಡುವಿನ ಊರು ಶಹಾಪುರ. ಆದ್ದರಿಂದ ಅದೇ ಒಲಿಂಪಿಯಾ. ಆದರೆ ಗ್ರೀಕರಿಗೆ ದೂತನ ಬಾಯಿಮಾತು ಸಾಕಾಗಿತ್ತು. ಪತ್ರ ಬರಹಗಾರನಿಗೆ ಸಾಲುತ್ತದೆಯೇ? ಮಾಮಾ ಛಾಪಾ ಕಾಗದ ತಂದು ಕರಾರು ಬರೆದ. ಅದು ಈಗಲೂ ನನ್ನ ಹತ್ತಿರ ಇದೆ. “ಒಂದನೇ ಪಕ್ಷದವರಾದ ಅಕ್ಕ, ಎರಡನೇ ಪಕ್ಷದವರಾದ ತಂಗಿ, ಉಭಯತ್ರರೂ ಸ್ವಸಂತೋಷದಿಂದ, ಸ್ಥಿರಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ ಬರೆದುಕೊಟ್ಟ ಕದನವಿರಾಮದ ಕರಾರು ಪತ್ರ. ಒಲಿಂಪಿಕ್ ಜ್ಯೋತಿ ಹೊತ್ತಿದ ಗಳಿಗೆಯಿಂದ ಆರುವ ಗಳಿಗೆಯ ತನಕ ಉಭಯತ್ರರೂ ಪರಸ್ಪರ ಮಾತಾಡತಕ್ಕದ್ದು. ಮೂಗು ಮತ್ತು ಕಿವಿಯ ವಿಷಯ ಎತ್ತತಕ್ಕದ್ದಲ್ಲ. ಸದರಿ ಸ್ಥಳದ ಚಕ್ಕುಬಂದಿ: ಪೂರ್ವಕ್ಕೆ ದೇವರ ಜಗಲಿ, ಪಶ್ಚಿಮಕ್ಕೆ ಟಿವಿ, ಉತ್ತರಕ್ಕೆ ಅಡುಗೆಮನೆ, ದಕ್ಷಿಣಕ್ಕೆ ಬಚ್ಚಲು.” ಕೆಳಗೆ ಇಬ್ಬರ ಸಹಿ, ಇಬ್ಬರು ಸಾಕ್ಷಿದಾರರು.

ಹೊಲಕ್ಕೆ ಚಕ್ಕುಬಂದಿ ಬರೆದು ಬರೆದು ಕೈಗೆ ಬಂದ ಅಭ್ಯಾಸ! ಅದರ ಪರಿಣಾಮ ನಾನು ಕಣ್ಣಾರೆ ಕಂಡದ್ದು ಬೀಜಿಂಗಿನಲ್ಲಿ, ನನಗೆ ಏಳು ವರ್ಷವಿದ್ದಾಗ. ಅಕ್ಕತಂಗಿ ಅಡುಗೆಮನೆಯಲ್ಲಿ ನಗುತ್ತ ಹರಟೆ ಹೊಡೆಯುವರು. ಒಣಗಿದ ಸೀರೆ ತರಲು ಇಬ್ಬರೂ ಮಾಳಿಗೆ ಹತ್ತಿದರೆ ಗಪ್ ಚುಪ್! ಮಾಳಿಗೆ ಚಕ್ಕುಬಂದಿಯ ಹೊರಗೆ. ಸೀರೆಯ ಎರಡು ತುದಿ ಹಿಡಿದು, ಮಾತಿಲ್ಲದೆ ಮಡಿಸಿ, ಕೆಳಗಿಳಿದು, ಹೊಸ್ತಿಲೊಳಗೆ ಕಾಲಿಟ್ಟ ಕೂಡಲೇ, “ಹ್ಞಾಂ, ಏನ್ ಹೇಳಾಕತ್ತಿದ್ದಿ ಅಕ್ಕಾ?” ಎಂದು ಮುಂದುವರಿಸುವರು.

ಆ ಹದಿನೇಳು ದಿನ ನಮ್ಮಂಥ ಮಕ್ಕಳಿಗೆ ಹಬ್ಬವೇ. ಅಂಗಳದಲ್ಲಿ ಓಟದ ಸ್ಪರ್ಧೆ. ಗ್ರೀಸಿನಲ್ಲಿ ಸನ್ನೆಗೆ ಮೊದಲೇ ಓಡಿದವರಿಗೆ ಚಾಟಿಯೇಟು ಬೀಳುತ್ತಿತ್ತಂತೆ. ಮಾಮಾ ಸುರುಳಿ ಸುತ್ತಿದ ಪೇಪರು ಹಿಡಿದು ನಿಲ್ಲುತ್ತಿದ್ದ. ದೊಡ್ಡವ್ವನ ಮಗ ಗೆದ್ದ, ನಾನು ಅವನ ಹಿಂದೆಯೇ ಬಂದೆ.

“ಎರಡನೇದು ನಾ, ಮಾಮಾ!”

“ಎರಡನೇದು ಅನ್ನೂದು ಗ್ರೀಸ್‌ನ್ಯಾಗ ಇಲ್ಲ. ಗೆದ್ದಾಂವ ಒಬ್ಬನ. ಉಳದವರು ಸಂದಿ ಹಿಡದು ಮನಿಗಿ ಹೋಗ್ತಿದ್ರು.”

ನಾನು ಅಳಲಿಲ್ಲ, ಆದರೆ ಸಂದಿ ಹಿಡಿದು ಹೋದೆ. ಗೆದ್ದವನ ತಲೆಯ ಬೇವಿನ ಕಿರೀಟವನ್ನು ಪಕ್ಕದ ಮನೆಯ ಆಡು ಅವನು ಗೆದ್ದು ನಿಂತಲ್ಲೇ ತಿಂದಿತು. ನ್ಯಾಯವೆನ್ನುವುದು ಇದೆ ಎಂದು ನಾನು ನಂಬಿದ್ದು ಆವತ್ತು.

ಮಾಮಾನೂ ಒಮ್ಮೆ ಸೋತಿದ್ದಾನೆ. ಒಂದು ಮಧ್ಯಾಹ್ನ ಪುಸ್ತಕ ತೆರೆದು, ಮದುವೆಯಾದ ಹೆಂಗಸರು ಒಲಿಂಪಿಯಾದ ಆಟ ನೋಡುವ ಹಾಗಿರಲಿಲ್ಲ ಎಂದು ಗಂಭೀರವಾಗಿ ಓದಿ ಹೇಳಿದ. ಅತ್ತಿ, ಅಂದರೆ ಅವನ ಹೆಂಡತಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹಿಟ್ಟಿನ ಕೈ ತೊಳೆದುಕೊಂಡಳು.

“ಹೌದೇನ್ರಿ? ಹಂಗಾರ ರಾತ್ರಿ ಊಟಾನೂ ಗ್ರೀಸ್‌ನ್ಯಾಗ ಮಾಡ್ಕೋರಿ.”

ಸಂಜೆಯೊಳಗೆ ಆ ಕಲಮು ರದ್ದಾಯಿತು. ಜೊತೆಗೆ ಮಾಮಾ ಇನ್ನೊಂದು ಸಂಗತಿಯನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಸಾರಿದ: ಮೊಟ್ಟಮೊದಲ ಒಲಿಂಪಿಕ್ಸ್ ಗೆದ್ದವನು ಒಬ್ಬ ಅಡುಗೆಯವನು! ಅತ್ತಿ ರೊಟ್ಟಿ ಕೊಟ್ಟಳು. ಪಲ್ಯ ಮರುದಿನ ಕೊಟ್ಟಳು.

ಬೀಜಿಂಗಿನ ಕೊನೆಯ ಸಂಜೆ ನನಗೆ ಚೆನ್ನಾಗಿ ನೆನಪಿದೆ. ದೊಡ್ಡವ್ವ ಪುಂಡಿಸೊಪ್ಪಿನ ಉಪ್ಪಿನಕಾಯಿಗೆ ಬೂಸರು ಹಿಡಿಯದ ಹಾಗೆ ಹೇಗೆ ಮಾಡಬೇಕೆಂದು ಅವ್ವನಿಗೆ ಹೇಳುತ್ತಿದ್ದಳು. ಸೊಪ್ಪು ಹುರಿದದ್ದಾಯಿತು, ಖಾರ ಕುಟ್ಟಿದ್ದಾಯಿತು. “ಕಡೀಕೆ ಎಣ್ಣಿ ಅದಲ್ಲ, ಅದನ್ನ...” ಎನ್ನುವಾಗ ಟಿವಿಯಲ್ಲಿ ಜ್ಯೋತಿ ಆರಿತು. ದೊಡ್ಡವ್ವ ಬಾಯಿ ಮುಚ್ಚಿದಳು. ಅವ್ವ ಕಣ್ಣು ಕೆಳಗೆ ಹಾಕಿದಳು. ಮರುದಿನ ಒಬ್ಬರು ಆ ಬಸ್ಸು, ಇನ್ನೊಬ್ಬರು ಈ ಬಸ್ಸು. ನಾಲ್ಕು ವರ್ಷ ನಮ್ಮ ಮನೆಯ ಪುಂಡಿ ಉಪ್ಪಿನಕಾಯಿ ಬೂಸರು ಹಿಡಿಯಿತು. ಲಂಡನ್ನಿನ ಮೊದಲ ದಿನ ದೊಡ್ಡವ್ವ ಚಪ್ಪಲಿ ಬಿಡುತ್ತ ಹೇಳಿದ ಮೊದಲ ಮಾತು: “ಕಾಸಿ, ಆರಿಸಿ ಹಾಕಬೇಕು. ಬಿಸೀದಲ್ಲ.”

ನಗುತ್ತೀರಿ. ನಾವೂ ನಗುತ್ತಿದ್ದೆವು. ಆದರೆ ಒಂದು ಒಲಿಂಪಿಕ್ಸಿನಿಂದ ಇನ್ನೊಂದರ ತನಕ, ಪ್ರತಿ ಸಲವೂ, ಅವ್ವ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಸಣ್ಣ ಅಕ್ಷರದಲ್ಲಿ ಏನನ್ನೋ ಬರೆದಿಡುತ್ತಿದ್ದಳು. ಒಮ್ಮೆ ಕದ್ದು ನೋಡಿದೆ. ‘ಅಕ್ಕಗ ಹೇಳೂದು’ ಎಂದು ಮೇಲೆ ಬರೆದು, ಕೆಳಗೆ ಸಾಲಾಗಿ: ಮೊಣಕಾಲು ನೋವು. ಬಳಿಚಕ್ರ ಊರಿನ ಗೆಳತಿ ತೀರಿಕೊಂಡದ್ದು. ನನ್ನ ಹತ್ತನೇ ತರಗತಿಯ ಅಂಕ. ಒಂದು ಕನಸು. ನೋಡಬಾರದ್ದನ್ನು ನೋಡಿದೆ ಎನಿಸಿ ಪುಸ್ತಕ ಮುಚ್ಚಿಟ್ಟೆ.

ಇತಿಹಾಸದಲ್ಲಿ ಎಂ.ಎ. ಮಾಡುವಾಗ ಒಂದು ಸಂಗತಿ ತಿಳಿಯಿತು. ಒಲಿಂಪಿಕ್ ಕದನವಿರಾಮದಿಂದ ಯುದ್ಧಗಳೇನೂ ನಿಲ್ಲುತ್ತಿರಲಿಲ್ಲ. ಹಬ್ಬಕ್ಕೆ ಹೋಗಿಬರುವವರನ್ನು ದಾರಿಯಲ್ಲಿ ಯಾರೂ ಮುಟ್ಟಬಾರದು ಎಂಬಷ್ಟೇ ಅದರ ಅರ್ಥ. ತಪ್ಪು ತಿದ್ದುವ ಉತ್ಸಾಹದಲ್ಲಿ ಮಾಮಾನಿಗೆ ಹೇಳಿದೆ. ಅವನು ಟೈಪು ಮಾಡುವುದನ್ನು ನಿಲ್ಲಿಸಲೂ ಇಲ್ಲ.

“ಗೊತ್ತದ. ನೂರಾ ಹನ್ನೊಂದನೇ ಪುಟ. ಯುದ್ಧ ನಿಲ್ಲಸಾಕ ನಾ ಯಾರು? ನಿಮ್ಮವ್ವ ಬಸ್ ಹತ್ತಿ ಬರಬೇಕು, ಅಷ್ಟ.”

ಕೊರೊನಾ ಬಂದು ಎರಡನೇ ಟೋಕಿಯೊ ಒಂದು ವರ್ಷ ಮುಂದಕ್ಕೆ ಹೋದಾಗ ಅವನನ್ನು ನೋಡಲಾಗುತ್ತಿರಲಿಲ್ಲ. “ಗ್ರೀಸ್‌ನವರು ಸಾವಿರ ವರ್ಷ ನಡಸ್ಯಾರ, ಅವರಿಗಿ ಬ್ಯಾನಿ ಬ್ಯಾಸರಿಕಿ ಬರಲಿಲ್ಲೇನು?” ಎಂದು ಎರಡು ಹೊತ್ತು ಊಟ ಬಿಟ್ಟ. ಅವನ ಲೆಕ್ಕದ ಪ್ರಕಾರ ಆ ವರ್ಷ ಯಾರಿಗೂ ವಯಸ್ಸು ಆಗಲಿಲ್ಲ. ಮರುವರ್ಷ ಅಕ್ಕತಂಗಿ ಮುಖಕ್ಕೆ ಮಾಸ್ಕು ಕಟ್ಟಿಕೊಂಡು, ಐದು ವರ್ಷದ ಮಾತನ್ನು ಹದಿನೇಳು ದಿನದಲ್ಲಿ ಆಡಿ ಮುಗಿಸಲು ಹೋಗಿ ಗಂಟಲು ಕೂರಿಸಿಕೊಂಡರು. ಪ್ಯಾರಿಸ್ ಬಂತು, ಹೋಯಿತು. ಜ್ಯೋತಿ ಆರಿದಾಗ ಆ ಸಲ ಮೊದಲು ಮುಖ ತಿರುಗಿಸಿದವಳು ಅವ್ವ.

ಪ್ಯಾರಿಸ್ ಮುಗಿದು ಎರಡನೇ ತೊಗರಿ ರಾಶಿಯ ಹೊತ್ತಿಗೆ, ಕಣದಲ್ಲಿ ನಿಂತಿದ್ದ ದೊಡ್ಡವ್ವ ಬಿದ್ದಳು. ಲಕ್ವಾ. ಬಲಗೈ, ಬಲಗಾಲು ಎತ್ತಲು ಬಾರದು. ಮಾತು ಬಾಯಲ್ಲೇ ಕಲಸಿಹೋಗುತ್ತದೆ. ಆಸ್ಪತ್ರೆಯಿಂದ ಮನೆಗೆ ತಂದರು. ಇನ್ನೊಮ್ಮೆ ಹೊಡೆದರೆ ಹೇಳಲಾಗದು ಎಂದು ಡಾಕ್ಟರು ಹೇಳಿದ್ದನ್ನು ಮಾಮಾ ಫೋನಿನಲ್ಲಿ ಹೇಳಿದ. ಅವ್ವ ಒಂದೇ ಪ್ರಶ್ನೆ ಕೇಳಿದಳು.

“ಅಣ್ಣಾ, ಮುಂದಿಂದು ಯಾವಾಗದ?”

“ಲಾಸ್ ಏಂಜಲೀಸ್. ಇನ್ನ ಎರಡೂವರಿ ವರ್ಷ.”

ಅವ್ವ ಫೋನು ಕೆಳಗಿಟ್ಟಳು. ನನಗೆ ತಡೆಯಲಿಲ್ಲ. “ಬಸ್ಸಿಗಿ ಕುಂತ್ರ ಎರಡು ತಾಸಿನ ದಾರಿ ಅವ್ವ. ಯಾಕ ಕಾಯ್ತಿ?”

“ಹೋದ ಸಲ ಮೊದಲ ಮಾರಿ ತಿರಿವಿದಾಕಿ ನಾನ. ಈಗ ಹೋಗಿ ನಿಂತಾಗ ಅಕಿ ಆ ಕಡಿ ಹೊಳ್ಳಿದ್ರ? ಒಂದ ಕಡಿ ಹೊಳ್ಳಾಕ ಬರ್ತದಂತ ಅಕಿಗಿ ಈಗ. ಆ ಕಡಿನ ಹೊಳ್ಳಿದ್ರ ನಾ ಏನ್ ಮಾಡ್ಲಿ?”

ಇಪ್ಪತ್ತನಾಲ್ಕು ವರ್ಷದ ಹಟ ಎಂದು ನಾವು ನಗುತ್ತಿದ್ದದ್ದು ಹಟವಾಗಿರಲಿಲ್ಲ, ಅಂಜಿಕೆಯಾಗಿತ್ತು.

ಮೂರನೇ ದಿನ ಮುಂಜಾನೆ ಬಾಗಿಲು ತೆರೆದರೆ ಮಾಮಾ! ತಲೆಯ ಮೇಲೆ ಬೇವಿನ ಕಿರೀಟ, ಕೈಯಲ್ಲಿ ಛಾಪಾ ಕಾಗದ.

“ನಡಿ ತಂಗಿ. ಸುರಪುರದಾಗ ಕ್ರೀಡಾ ಅದಾವ.”

“ಯಾವ ಕ್ರೀಡಾ?”

“ಗ್ರೀಸ್‌ನ್ಯಾಗ ಒಲಿಂಪಿಯಾ ಒಂದ ಇರಲಿಲ್ಲ. ನಡುವಿನ ವರ್ಷದಾಗ ಬ್ಯಾರೆ ಬ್ಯಾರೆ ಊರಾಗ ಆಟ ಆಗ್ತಿದ್ವು. ಅವಕ್ಕೂ ಕದನವಿರಾಮ ಇತ್ತು. ಹೌದೋ ಅಲ್ಲೋ ನಿನ್ನ ಎಂ.ಎ. ಮಗಳಿಗಿ ಕೇಳು.”

ಅವ್ವ ನನ್ನ ಮುಖ ನೋಡಿದಳು. “ಹೌದು,” ಎಂದೆ. ಖರೇ ಹೇಳಬೇಕೆಂದರೆ, ಅಲ್ಲದಿದ್ದರೂ ಹೌದು ಎನ್ನುತ್ತಿದ್ದೆ.

“ಓಡಾವ್ರು ಯಾರು?”

“ನಾ.”

ಅವ್ವ ಅವನ ಹೊಟ್ಟೆಯನ್ನೊಮ್ಮೆ ನೋಡಿ, ಒಳಗೆ ಹೋಗಿ, ಸೀರೆ ಬದಲಿಸಿಕೊಂಡು ಬಂದಳು.

ಸುರಪುರದಲ್ಲಿ ದೊಡ್ಡವ್ವನ ಹೊರಸನ್ನು ಬಾಗಿಲ ಮುಂದಿನ ನೆರಳಿಗೆ ತಂದು ಹಾಕಿದ್ದರು. ಹೊರಸಿನಿಂದ ನಾಲ್ಕು ಮಾರು ದೂರದಲ್ಲಿ ಮಾಮಾ ಓಣಿಗೆ ಅಡ್ಡಲಾಗಿ ಸುಣ್ಣದ ಗೆರೆ ಎಳೆದ. ಗ್ರೀಕರ ಓಟ ಆರುನೂರು ಪಾದ ಉದ್ದ. ಆದ್ದರಿಂದ ಹಿಮ್ಮಡಿಗೆ ಹೆಬ್ಬೆರಳು ಹಚ್ಚಿ ಹಚ್ಚಿ ಓಣಿಯುದ್ದಕ್ಕೂ ಅಳೆಯುತ್ತ ಹೋದ. ಇನ್ನೂರಾ ಎಂಬತ್ತಕ್ಕೆ ಒಬ್ಬ ಮುದುಕ, “ಸರ್ವೇ ಎದಕ್ರಿ? ರಸ್ತಾ ಅಗಲ ಮಾಡ್ತಾರೇನು?” ಎಂದು ಕೇಳಿದ. ಮಾಮಾನ ಎಣಿಕೆ ತಪ್ಪಿತು, ಮತ್ತೆ ಮೊದಲಿನಿಂದ ಅಳೆದ! ಅಷ್ಟು ಹೊತ್ತೂ ಅವ್ವ ಎದುರು ಮನೆಯ ಗೋಡೆಗೆ ಒರಗಿ ನಿಂತಿದ್ದಳು. ದೊಡ್ಡವ್ವ ಅವಳನ್ನೇ ನೋಡುತ್ತಿದ್ದಳು. ಆಟ ಇನ್ನೂ ಶುರುವಾಗಿರಲಿಲ್ಲವಲ್ಲ.

ಕರಾರು ಈ ಸಲ ಎರಡೇ ಸಾಲು: ಆಟ ಶುರುವಾದಾಗಿನಿಂದ ಆಟ ಮುಗಿಯುವ ತನಕ. ಅವ್ವ ಸಹಿ ಹಾಕಿದಳು, ದೊಡ್ಡವ್ವ ಎಡಗೈಯ ಹೆಬ್ಬೆಟ್ಟು ಒತ್ತಿದಳು. ನನ್ನನ್ನು ತೀರ್ಪುಗಾರಳನ್ನಾಗಿ ಮಾಡಿದರು. ನಾನು ದುಪಟ್ಟಾ ಬೀಸಿದೆ. ಮಾಮಾ ಓಡಿದ.

ಅದನ್ನು ಓಟ ಎನ್ನಬಹುದೇ? ಹೊಟ್ಟೆ ಮುಂದೆ, ಮಾಮಾ ಹಿಂದೆ. ಕಿರೀಟ ಮೂಗಿನ ಮೇಲೆ ಇಳಿಯಿತು. ನಾಯಿಯೊಂದು ಅರ್ಧ ದಾರಿ ಜೊತೆಗೆ ಬಂದು, ಬೇಸತ್ತು ಕೂತಿತು. ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಹೊರಸಿನ ಮೇಲೆ ದೊಡ್ಡವ್ವ ನಗತೊಡಗಿದಳು. ಬಾಯಿಯ ಎಡಭಾಗ ಮಾತ್ರ ನಕ್ಕಿತು, ಬಲಗಡೆಯಿಂದ ಜೊಲ್ಲು ಇಳಿಯಿತು. ಏನನ್ನೋ ಹೇಳಲು ಹೋದಳು, ಬರಲಿಲ್ಲ. ಅವ್ವ ಗೋಡೆ ಬಿಟ್ಟಳು. ಓಣಿ ದಾಟಿ, ಹೊರಸಿನ ಅಂಚಿಗೆ ಕೂತು, ಸೆರಗಿನಿಂದ ಅಕ್ಕನ ಬಾಯಿ ಒರೆಸಿದಳು.

“ಏನಕ್ಕಾ? ಏನಂದಿ?”

“ಹು... ಹುಚ್...”

“ಹ್ಞೂಂ, ಹುಚ್ಚನ. ನಮ್ಮಪ್ಪಗ ಒಂದ ಗಂಡ ಹುಟ್ಯಾದ, ಅದೂ ಹಿಂಗ.”

ಇಬ್ಬರೂ ನಕ್ಕರು. ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ದೊಡ್ಡವ್ವನ ಎಡಗೈ ಅವ್ವನ ಸೆರಗಿನ ತುದಿ ಹಿಡಿದದ್ದು ಬಿಡಲಿಲ್ಲ.

ಮಾಮಾ ಗೆರೆಯ ಹತ್ತಿರ ಬಂದಿದ್ದ. ಹೊರಸಿನ ಕಡೆ ಒಮ್ಮೆ ನೋಡಿದ. ಒಂದೇ ಹೆಜ್ಜೆ ಉಳಿದಿತ್ತು. ನಿಂತ. ನಿಂತವನು ರಸ್ತೆಯಲ್ಲೇ ಕೂತುಬಿಟ್ಟ.

“ಒಂದ ಹೆಜ್ಜಿರೀ ಕಾಕಾ! ಮುಗಸ್ರಿ!” ಓಣಿಯವರು ಕೂಗಿದರು.

ತೀರ್ಪುಗಾರಳಾದ ನಾನೂ ಹೋಗಿ ಬಗ್ಗಿ ಹೇಳಿದೆ. “ಏಳು ಮಾಮಾ. ಗೆರಿ ದಾಟಿದ್ರ ಆಟ ಮುಗೀತು.”

ಅವನು ಏದುಸಿರು ಬಿಡುತ್ತ, ಬುದ್ಧಿ ಸಾಲದ ಕಕ್ಷಿದಾರಳನ್ನು ನೋಡುವ ಹಾಗೆ ನನ್ನನ್ನು ನೋಡಿದ.

“ಅದಕ್ಕ ಕೂತೀನಿ,” ಎಂದ.

ಇದಾಗಿ ಮೂರು ತಿಂಗಳು. ಅವ್ವ ಇನ್ನೂ ಸುರಪುರದಲ್ಲೇ ಇದ್ದಾಳೆ. ದೊಡ್ಡವ್ವ ಈಗ ಐದಾರು ಮಾತು ಸ್ಪಷ್ಟವಾಗಿ ಆಡುತ್ತಾಳೆ. ಅವುಗಳಲ್ಲಿ ಎರಡು ಬೈಗುಳ. ಅವ್ವ ದಿನಾ ಮುಂಜಾನೆ ಬಾಗಿಲ ಮುಂದೆ ನೀರು ಹೊಡೆದು, ರಂಗೋಲಿ ಹಾಕಿ, ಆ ಸುಣ್ಣದ ಗೆರೆಯನ್ನು ಮತ್ತೆ ತಿದ್ದುತ್ತಾಳೆ. ಮಾಮಾ ಪ್ರತಿ ಭಾನುವಾರ ಅಕ್ಕನನ್ನು ನೋಡಲು ಬರುತ್ತಾನೆ. ಓಣಿಯನ್ನೆಲ್ಲ ಬಳಸಿ, ದನದ ಕೊಟ್ಟಿಗೆ ಹಾಯ್ದು, ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತಾನೆ.